ಮೊದಲ ಕುಂದರ್ರಿ, ಆಮ್ಯಾಲೆ ಪೆಡಲ್

ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದೆ. ಗೆರೆಯ ಈಚೆ ಹಳೆಯ ಮಾರುತಿ 800ರ ಸೀಟು, ಆಚೆ ಎರಡು ಇಟ್ಟಿಗೆ, ಇಟ್ಟಿಗೆಗೆ ಆನಿಸಿ ನಿಲ್ಲಿಸಿದ ಪ್ಲೈವುಡ್ ತುಂಡು. ಕೈಯಲ್ಲಿ ಟೇಪು, ಪಕ್ಕದಲ್ಲಿ ಕಂಪ್ಯೂಟರಿನಲ್ಲಿ ತೆಗೆದ ನಕಾಶೆಯ ಪ್ರಿಂಟು. ಪೆಡಲ್ ಎಷ್ಟು ದೂರ, ಎಷ್ಟು ಎತ್ತರ ಇರಬೇಕೆಂದು ಮೂರು ದಿನ ಲೆಕ್ಕ ಹಾಕಿದ್ದೆ. ಚೌಕಟ್ಟು ಬೆಸೆಯಲು ಬಂದಿದ್ದ ವೆಲ್ಡರ್ ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿ ಕಟ್ಟಿ ಪಳಗಿದವರು. ಪ್ರಿಂಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ‘ಸರ್ರ, ಹಾಳಿ ಇರ್ಲಿ. ಮೊದಲ ನೀವು ಕುಂದರ್ರಿ. ಕುಂತಮ್ಯಾಲೆ ಕಾಲು ಎಲ್ಲಿ ಹೋಗಿ ನಿಲ್ತಾವೋ ಅಲ್ಲೇ ಪೆಡಲ್ ಹಚ್ಚೂಣು’ ಅಂದರು.

ಕುಳಿತೆ. ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಹತ್ತು ನಿಮಿಷ ಹಾಗೇ ಇರಿ ಅಂದರು. ಇದ್ದೆ. ಕಣ್ಣು ಬಿಟ್ಟು ನೋಡಿದರೆ ಬಲಗಾಲು ನನ್ನ ಲೆಕ್ಕದ ಜಾಗಕ್ಕಿಂತ ನಾಲ್ಕು ಬೆರಳು ಈಚೆ ನಿಂತಿತ್ತು, ಎಡಗಾಲು ಎರಡು ಬೆರಳು ಹೊರಗೆ. ವೆಲ್ಡರ್ ಏನೂ ಹೇಳದೆ ಸೀಮೆಸುಣ್ಣ ತೆಗೆದುಕೊಂಡು ನನ್ನ ಹಿಮ್ಮಡಿಯ ಸುತ್ತ ಎರಡು ಅರ್ಧಚಂದ್ರ ಬರೆದರು. ನನ್ನ ಕಾರಿನ ಕೆಲಸ ನಿಜವಾಗಿ ಶುರುವಾದದ್ದು ಅಲ್ಲಿಂದ.

ನಾನು ಕಟ್ಟುತ್ತಿರುವುದು ಎರಡು ಸೀಟಿನ, ಮಾಳಿಗೆಯಿಲ್ಲದ, ನೆಲಕ್ಕೆ ತಗ್ಗಾದ ಸಣ್ಣ ಸ್ಪೋರ್ಟ್ಸ್ ಕಾರು. ಚೌಕ ಕೊಳವೆಗಳ ಚೌಕಟ್ಟು, ಬೆನ್ನ ಹಿಂದೆ ಮಾರುತಿ 800ರ 796 ಸಿಸಿ ಎಂಜಿನ್, ಅದರದೇ ಗೇರ್‌ಬಾಕ್ಸ್. ಮೂಲ ಕಾರಿನಲ್ಲಿ ಮುಂದಿದ್ದದ್ದನ್ನು ಇಡಿಯಾಗಿ ಎತ್ತಿ ಹಿಂದಕ್ಕೆ ಇಟ್ಟಿದ್ದೇನೆ. ಮೋಟಾರು ಹಿಂದೆ ಹೋಯಿತು, ಮನುಷ್ಯ ಮುಂದೆ ಉಳಿದ. ಇಬ್ಬರ ನಡುವೆ ಮಾತುಕತೆ ನಡೆಸುವ ತಂತಿ, ಕಡ್ಡಿ, ಪೈಪುಗಳ ವ್ಯವಹಾರವೇ ಈ ಲೇಖನದ ವಸ್ತು. ಬಾಡಿಯ ಅಂದ, ಬಣ್ಣ, ವೇಗದ ಬಗ್ಗೆ ಕೇಳುವವರು ಬಹಳ. ಬ್ರೇಕ್ ಪೆಡಲ್ ಯಾಕೆ ಅಲ್ಲಿದೆ ಎಂದು ಕೇಳಿದವರು ಇದುವರೆಗೆ ಇಬ್ಬರೇ. ನನ್ನ ಮಟ್ಟಿಗೆ ಕಾರು ಎಂದರೆ ಅದೇ. ಕೈಗೆ, ಕಾಲಿಗೆ, ಬೆನ್ನಿಗೆ ತಾಗುವ ಆ ಏಳೆಂಟು ಸಾಮಾನು ಸರಿಯಾಗಿ ಕೂತರೆ ಕಾರು ಮೈಯ ಭಾಗವಾಗುತ್ತದೆ. ಕೂರದಿದ್ದರೆ ಎಷ್ಟು ಅಂದವಿದ್ದರೂ ಅದು ಪರರ ಮನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ರಸ್ತೆಗೆ ಬರುವ ಕಾರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಹೊಸದಾಗಿ ಕಟ್ಟಿದ ಮಾದರಿಗೆ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಅದು ಕಂಪನಿಗಳ ಕೆಲಸ, ಒಬ್ಬ ಮನುಷ್ಯನ ಜೇಬಿಗೆ ಮೀರಿದ್ದು. ಹಾಗಾಗಿ ನನ್ನ ಕಾರು ಟ್ರ್ಯಾಕ್ಟರ್ ಟ್ರೇಲರ್ ಏರಿ ಪರಿಚಯದವರ ಬಯಲಿಗೆ ಹೋಗುತ್ತದೆ, ಅಲ್ಲೇ ಓಡಿ ಅಲ್ಲಿಂದಲೇ ವಾಪಸು ಬರುತ್ತದೆ. ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಕಂಟ್ರೋಲ್‌ಗಳ ಕೆಲಸಕ್ಕೆ ಕೈಹಾಕಿದ ಮೇಲೆ ಅದರ ಹಿಂದಿನ ಭಯ ನನಗೂ ಅರ್ಥವಾಗಿದೆ.

ನನ್ನ ಪೆಡಲಿನ ಲೆಕ್ಕದಂತೆ ನಾನಿರುವ ಬಾಗಲಕೋಟೆಯ ನವನಗರವೂ ಮೊದಲು ಕಾಗದದ ಮೇಲೆ ಹುಟ್ಟಿದ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಬಹುಭಾಗ ಬಿಟ್ಟುಕೊಡಬೇಕಾಯಿತು. ಅಲ್ಲಿಂದ ಎದ್ದವರಿಗಾಗಿ ಸೆಕ್ಟರ್ ಸೆಕ್ಟರ್ ಲೆಕ್ಕದಲ್ಲಿ ಈ ಊರು ಎದ್ದಿತು. ಇದರ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾರಂಥ ದೊಡ್ಡ ವಾಸ್ತುಶಿಲ್ಪಿಯ ಕೈ ಇದೆ. ನಮ್ಮ ಮನೆಯವರೂ ಹಾಗೆ ಎದ್ದು ಬಂದವರೇ. ಹೊಸ ಮನೆಯ ಅಡುಗೆಕೋಣೆಯಲ್ಲಿ ನನ್ನ ಅಜ್ಜಿ ವರ್ಷಗಟ್ಟಲೆ ಇಲ್ಲದ ಗೂಡಿಗೆ ಕೈ ಹಾಕುತ್ತಿದ್ದಳು. ಹಳೇ ಮನೆಯಲ್ಲಿ ಉಪ್ಪಿನ ಡಬ್ಬಿ ಇರುತ್ತಿದ್ದ ಗೂಡು ಅದು. ಕೈ ಗೋಡೆಗೆ ತಾಗಿದಾಗ ಒಂದು ಕ್ಷಣ ನಿಂತುಬಿಡುತ್ತಿದ್ದಳು. ಮೈಗೆ ತನ್ನದೇ ಒಂದು ನಕಾಶೆ ಇರುತ್ತದೆ ಎನ್ನುವುದನ್ನು ನಾನು ಕಲಿತದ್ದು ಅಜ್ಜಿಯ ಆ ಕೈಯಿಂದ.

ಇನ್ನೊಂದು ಪಾಠ ಇಳಕಲ್ಲಿನದು. ಸೋದರಮಾವನ ಮನೆಯಲ್ಲಿ ಗುಂಡಿ ಮಗ್ಗ ಇತ್ತು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲಮಟ್ಟದಲ್ಲೇ ಕುಳಿತು ಮಾವ ಸೀರೆ ನೇಯುತ್ತಿದ್ದರು. ಕಾಲಡಿಯ ಹಲಗೆಗಳನ್ನು ಒಂದಾದ ಮೇಲೊಂದು ಒತ್ತಿದರೆ ಹಾಸಿನ ಎಳೆ ಮೇಲೆ ಕೆಳಗೆ ಸರಿದು ಬಾಯಿ ತೆರೆಯುತ್ತದೆ, ಆ ಬಾಯಿಯೊಳಗೆ ಲಾಳಿ ಹಾಯುತ್ತದೆ. ಮಾವ ಒಮ್ಮೆಯೂ ಕಾಲ ಕಡೆ ನೋಡಿದ್ದು ನಾನು ಕಾಣೆ. ಕಣ್ಣು ಯಾವಾಗಲೂ ಅಂಚಿನ ಮೇಲೆ. ಗುಂಡಿಯ ಆಳ ಅವರ ಮೊಣಕಾಲಿನ ಅಳತೆಗೆ ತೋಡಿದ್ದು. ರಜೆಯಲ್ಲಿ ಹೋದ ನಾನು ಅಲ್ಲಿ ಕುಳಿತರೆ ಕಾಲು ಹಲಗೆಗೆ ಎಟುಕುತ್ತಿರಲಿಲ್ಲ. ‘ತಮ್ಮಾ, ಇದು ನನ್ನ ಕಾಲಿನ ಗುಂಡಿ ಐತಿ. ನಿನಗ ಬೇರೆ ತೋಡಬೇಕಾಕ್ಕತಿ’ ಅನ್ನುತ್ತಿದ್ದರು. ಕಣ್ಣು ಕೆಲಸದ ಮೇಲೆ, ಕಾಲು ತನ್ನ ಪಾಡಿಗೆ ತಾನು. ಕಾರಿನೊಳಗೆ ನನಗೆ ಬೇಕಾದದ್ದೂ ಅಷ್ಟೇ.

ಇವತ್ತು ನಾವು ಕಾಲಿಡುವ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂಬ ಎಡದಿಂದ ಬಲಕ್ಕಿರುವ ಸಾಲು ಮೊದಲಿನಿಂದ ಬಂದದ್ದಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯಲ್ಲೂ ಮೂರು ಪೆಡಲ್ ಇದ್ದವು, ಆದರೆ ಎಡಗಡೆಯದು ಗೇರು, ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕಾಲಿಗೆ ಇರಲೇ ಇಲ್ಲ, ಸ್ಟೀರಿಂಗ್ ಕಂಬಕ್ಕೆ ಹಚ್ಚಿದ ಕಡ್ಡಿಯನ್ನು ಕೈಯಿಂದ ಎಳೆಯಬೇಕಿತ್ತು. ಇಂದಿನ ಚಾಲಕನನ್ನು ಅದರಲ್ಲಿ ಕೂರಿಸಿದರೆ ಮೊದಲ ತಿರುವಿನಲ್ಲೇ ಗೋಡೆ. ಇಂದಿನ ಸಾಲು ಮನೆಮನೆಗೆ ರೂಢಿಯಾಗಲು ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಕಾರು ದೊಡ್ಡ ಕಾರಣ. ಅದು ಬಂದದ್ದು 1922ರಲ್ಲಿ. ಮನೆಯಲ್ಲಿ ಕಾರು ಕಟ್ಟುವವರ ವಂಶಾವಳಿಯಲ್ಲೂ ಈ ಕಾರಿಗೆ ಜಾಗವಿದೆ: ಮುಂದೆ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ತಮ್ಮ ಮೊದಲ ಕಾರನ್ನು ಹಳೆಯ ಆಸ್ಟಿನ್ ಸೆವೆನ್ ಒಂದರ ಮೇಲೇ ಕಟ್ಟಿದರು. 1957ರ ಲೋಟಸ್ ಸೆವೆನ್ ಬಿಡಿಭಾಗಗಳಾಗಿ ಸಿಗುತ್ತಿತ್ತು, ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಅದೇ ಆಕಾರವನ್ನು ಗುಜರಿ ಕಾರಿನ ಸಾಮಾನಿನಿಂದ ಅಗ್ಗವಾಗಿ ಕಟ್ಟುವುದು ಹೇಗೆಂದು ರಾನ್ ಚಾಂಪಿಯನ್ ಎಂಬ ಇಂಗ್ಲಿಷ್ ಮೇಷ್ಟ್ರು 1996ರಲ್ಲಿ ಪುಸ್ತಕ ಬರೆದರು. ನನ್ನಂಥ ಸಾವಿರಾರು ಜನ ಶೆಡ್ಡಿಗೆ ಇಳಿದದ್ದು ಅದರಿಂದ.

ನಮ್ಮ ನಾಡಿನಲ್ಲೇ ಕಂಟ್ರೋಲ್‌ಗಳ ಬಗ್ಗೆ ಚೆನ್ನಾಗಿ ತಲೆ ಓಡಿಸಿದ ಯಂತ್ರ ಯಾವುದೆಂದು ಕೇಳಿದರೆ ನಾನು ಮೈಸೂರಿನ ಜಾವಾದ ಕಡೆ ಕೈ ತೋರಿಸುತ್ತೇನೆ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳು ಬಾಗಲಕೋಟೆಯಲ್ಲಿ ಇಂದಿಗೂ ಓಡುತ್ತವೆ. ಅದರಲ್ಲಿ ಕಿಕ್ ಹೊಡೆಯುವ ಕಡ್ಡಿಯೂ ಗೇರ್ ಬದಲಿಸುವ ಕಡ್ಡಿಯೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್, ಕಿಕ್ ಹೊಡೆದು ಕೆಳಗೆ ಮಲಗಿಸಿದರೆ ಗೇರು. ಗೇರ್ ಒತ್ತುವಾಗ ಅದೇ ಕಡ್ಡಿ ಕ್ಲಚ್ಚನ್ನೂ ಬಿಡಿಸುತ್ತದೆ. ಒಂದು ಕಡ್ಡಿಗೆ ಮೂರು ಕೆಲಸ. ಅದೇ ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾ ಬಿಟ್ಟು ಬುಲೆಟ್ ಹತ್ತಿದವರು ಬ್ರೇಕ್ ಎಂದು ಗೇರ್ ತುಳಿದ ಕಥೆ ಪ್ರತಿ ಊರಿನ ಗ್ಯಾರೇಜಿನಲ್ಲೂ ಒಂದಿರುತ್ತದೆ. ಎರಡೂ ಒಳ್ಳೆಯ ವ್ಯವಸ್ಥೆಗಳೇ. ತೊಂದರೆ ಇರುವುದು ಕಾಲು ಕಲಿತದ್ದು ಒಂದು, ಕಾಲಡಿ ಇರುವುದು ಇನ್ನೊಂದು ಆದಾಗ.

ಅದನ್ನು ಇನ್ನೂ ಭೀಕರವಾಗಿ ಕಲಿಸುವುದು ನಮ್ಮ ಟ್ರ್ಯಾಕ್ಟರ್. ಟ್ರ್ಯಾಕ್ಟರಿನಲ್ಲಿ ಬ್ರೇಕ್ ಪೆಡಲ್ ಎರಡು, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಅಲ್ಲ. ಎರಡೂ ಬಲಗಾಲಿಗೇ, ಒಂದು ಎಡ ಗಾಲಿಯದು, ಇನ್ನೊಂದು ಬಲ ಗಾಲಿಯದು. ಹೊಲದ ತುದಿಯಲ್ಲಿ ಬಿಗಿಯಾಗಿ ತಿರುಗಲು ಒಂದೇ ಗಾಲಿಯನ್ನು ಹಿಡಿದು ನಿಲ್ಲಿಸುತ್ತಾರೆ. ರಸ್ತೆಗೆ ಬಂದಾಗ ಎರಡೂ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಕೊಂಡಿ ಹಾಕುವುದು ಮರೆತು, ಹಿಂದೆ ಕಬ್ಬು ತುಂಬಿದ ಟ್ರೇಲರ್ ಇಟ್ಟುಕೊಂಡು ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಮಗ್ಗುಲಿಗೆ ಎಳೆದು ಉರುಳುತ್ತದೆ. ಒಂದು ಬೆರಳಗಲದ ಕೊಂಡಿ. ಕಟ್ಟುವವನು ಅದನ್ನು ಚಾಲಕನ ನೆನಪಿಗೆ ಬಿಟ್ಟಿದ್ದಾನೆ. ಮನುಷ್ಯನ ನೆನಪಿನ ಮೇಲೆ ಭಾರ ಹಾಕುವ ಯಾವ ಕಂಟ್ರೋಲನ್ನೂ ನನ್ನ ಕಾರಿನಲ್ಲಿ ಇಡಬಾರದೆಂದು ನಾನು ತೀರ್ಮಾನಿಸಿದ್ದು ಕಬ್ಬಿನ ಹಂಗಾಮಿನ ಒಂದು ರಾತ್ರಿ, ಉರುಳಿಬಿದ್ದ ಒಂದು ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತು.

ಈಗ ನನ್ನ ಪೆಡಲ್‌ಗಳಿಗೆ ಬರುತ್ತೇನೆ. ಬ್ರೇಕಿನಿಂದ ಶುರು ಮಾಡಿದೆ, ಉಳಿದವು ಅದರ ಸುತ್ತ. ಈ ಕಾರಿನಲ್ಲಿ ಬ್ರೇಕ್ ಬೂಸ್ಟರ್ ಇಲ್ಲ. ಹಗುರವಾದ ಕಾರಿಗೆ ಅದು ಬೇಡ, ಮೇಲಾಗಿ ಬೂಸ್ಟರ್ ಇದ್ದರೆ ಟೈರು ಹೇಳುವ ಮಾತು ಪಾದಕ್ಕೆ ತಲುಪುವಾಗ ಮಂಕಾಗುತ್ತದೆ. ಬೂಸ್ಟರ್ ಇಲ್ಲದ ಮೇಲೆ ಬಲ ಪೆಡಲಿನ ಸನ್ನೆಗೋಲಿನಿಂದಲೇ ಬರಬೇಕು. ಪಾದ ಒತ್ತುವ ಜಾಗದಿಂದ ತಿರುಗಣಿಯವರೆಗಿನ ದೂರ, ತಿರುಗಣಿಯಿಂದ ಮಾಸ್ಟರ್ ಸಿಲಿಂಡರಿನ ಕಡ್ಡಿಯವರೆಗಿನ ದೂರದ ಐದು ಪಟ್ಟು. ಅಂದರೆ 30 ಕಿಲೋ ಒತ್ತಿದರೆ ಸಿಲಿಂಡರಿಗೆ 150 ಕಿಲೋ. ಮೊದಲು ಮುಕ್ಕಾಲು ಇಂಚಿನ ಸಿಲಿಂಡರ್ ಹಾಕಿದ್ದೆ. ಪೆಡಲ್ ಕಲ್ಲಿನಂತಿತ್ತು, ಕಾರು ನಿಲ್ಲುತ್ತಿರಲಿಲ್ಲ. ಐದು-ಎಂಟಾಂಶ ಇಂಚಿನದಕ್ಕೆ ಬದಲಿಸಿದೆ. ಕೊಳವೆ ಸಣ್ಣದಾದಷ್ಟೂ ಅಷ್ಟೇ ಒತ್ತಿಗೆ ಎಣ್ಣೆಯ ಒತ್ತಡ ಹೆಚ್ಚುತ್ತದೆ. ಇಲ್ಲಿ ಅದು ಶೇ 44ರಷ್ಟು ಹೆಚ್ಚಿತು. ಪೆಡಲ್ ಅಷ್ಟೇ ಪಾಲು ಹೆಚ್ಚು ದೂರ ಹೋಗುತ್ತದೆ, ಪುಕ್ಕಟೆ ಏನೂ ಸಿಗುವುದಿಲ್ಲ. ಆದರೆ ಈಗ ಪಾದದ ಕೆಳಗೆ ಒಂದು ಹದ ಬಂದಿದೆ. ಹದ ಮಾಡಿದ ರೊಟ್ಟಿ ಹಿಟ್ಟನ್ನು ಬೆರಳಿನಿಂದ ಒತ್ತಿದಾಗ ಮೊದಲು ಬಿಟ್ಟುಕೊಟ್ಟು ಆಮೇಲೆ ತಡೆಯುತ್ತದಲ್ಲ, ಹಾಗೆ.

ಸಿಲಿಂಡರ್ ಎರಡಿವೆ, ಮುಂದಿನ ಗಾಲಿಗಳಿಗೊಂದು, ಹಿಂದಿನವುಗಳಿಗೊಂದು. ನಡುವೆ ಅಡ್ಡ ಕಡ್ಡಿ. ಕಡ್ಡಿಯ ಆಸರೆಯನ್ನು ಆಚೀಚೆ ಸರಿಸಿದರೆ ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಎಂಬ ಪಾಲು ಬದಲಾಗುತ್ತದೆ. ಎಂಜಿನ್ ಹಿಂದೆ ಹೋದದ್ದರಿಂದ ಮುಂದಿನ ಗಾಲಿಗಳ ಮೇಲೆ ಭಾರ ಕಡಿಮೆ; ಮೂಲ ಕಾರಿನ ಪಾಲನ್ನೇ ಇಟ್ಟಿದ್ದರೆ ಮುಂದಿನವು ಬೇಗ ಕಟ್ಟಿ ಜಾರುತ್ತಿದ್ದವು, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿತ್ತು. ಎರೆ ಮಣ್ಣಿನ ಬಯಲಿನಲ್ಲಿ ಗಾಲಿ ಕಟ್ಟಿದ ಗುರುತು ಚೆನ್ನಾಗಿ ಉಳಿಯುತ್ತದೆ. ಪ್ರತಿ ಬಾರಿ ನಿಲ್ಲಿಸಿದ ಮೇಲೆ ಇಳಿದು ಹಿಂದೆ ನಡೆದು ಆ ಗುರುತು ನೋಡಿ ಪಾಲು ತಿದ್ದಿದೆ.

ಪೆಡಲ್‌ಗಳ ನಡುವಿನ ಅಂತರ ಕಾಲಿಗಿಂತ ಕಾಲ್ಮರಿಗೆ ಹೆಚ್ಚು ಸಂಬಂಧಿಸಿದ್ದು. ತೆಳ್ಳನೆಯ ಬೂಟು ಹಾಕಿ ಅಳತೆ ತೆಗೆದರೆ ಸಾಲದು. ನಮ್ಮ ಕಡೆ ಮನುಷ್ಯ ಕೊಲ್ಲಾಪುರಿ ಚಪ್ಪಲಿಯಲ್ಲೇ ಸ್ಟೀರಿಂಗ್ ಹಿಡಿಯುತ್ತಾನೆ, ಅದರ ಅಂಚು ಪಾದಕ್ಕಿಂತ ಹೊರಗೆ ಚಾಚಿರುತ್ತದೆ. ಬಯಲಿನಲ್ಲಿ ನಾನು ಬೂಟು ಹಾಕುತ್ತೇನೆ, ಬೇರೆ ಯಾರೇ ಕುಳಿತರೂ ಹಾಕಿಸುತ್ತೇನೆ. ಆದರೂ ಅಂತರವನ್ನು ಮಾತ್ರ ಚಪ್ಪಲಿಯ ಅಳತೆಗೇ ಬಿಟ್ಟೆ. ಇನ್ನು ಎಡಗಾಲಿಗೆ ವಿಶ್ರಾಂತಿ ಕೊಡುವ ಹಲಗೆ. ಇಕ್ಕಟ್ಟಾದ ಕಾರಿನಲ್ಲಿ ಎಲ್ಲರೂ ಮೊದಲು ಕೈಬಿಡುವುದು ಇದನ್ನೇ. ಕಾಲಿಗೆ ಜಾಗವಿಲ್ಲದಿದ್ದರೆ ಅದು ಕ್ಲಚ್ ಮೇಲೆ ಹೋಗಿ ಕೂರುತ್ತದೆ, ಕ್ಲಚ್ ಬೇರಿಂಗ್ ಬೇಗ ಸವೆಯುತ್ತದೆ. ಅದಕ್ಕಿಂತ ಮುಖ್ಯ, ತಿರುವಿನಲ್ಲಿ ಮೈಯನ್ನು ಒತ್ತಿ ಹಿಡಿಯಲು ಆಸರೆ ಇಲ್ಲದೆ ಚಾಲಕ ಸ್ಟೀರಿಂಗಿಗೆ ಜೋತುಬೀಳುತ್ತಾನೆ. ಜೋತುಬಿದ್ದ ಕೈಗೆ ಗಾಲಿಯ ಮಾತು ಕೇಳುವುದಿಲ್ಲ. ಆ ಹಲಗೆಗಾಗಿ ಚೌಕಟ್ಟಿನ ಒಂದು ಕೊಳವೆಯನ್ನೇ ಕತ್ತರಿಸಿ ಹೊರಕ್ಕೆ ಸರಿಸಿ ಮತ್ತೆ ಬೆಸೆಸಿದೆ.

ಸ್ಟೀರಿಂಗಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಜಾಗ ಉಳಿಸಲು ರ‍್ಯಾಕನ್ನು ಆಕ್ಸಲಿನ ಹಿಂದಿನಿಂದ ಮುಂದಕ್ಕೆ ತಂದು ಕೂರಿಸಿದ್ದೆ. ಗಾಲಿಗಳನ್ನು ಜ್ಯಾಕ್ ಮೇಲೆ ಎತ್ತಿ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಗಾಲಿಗಳು ಸಮಾಧಾನವಾಗಿ ಬಲಕ್ಕೆ ತಿರುಗಿದವು. ಆಕ್ಸಲಿನ ಹಿಂದಿದ್ದಾಗ ರ‍್ಯಾಕ್ ಯಾವ ಕಡೆ ಸರಿದರೆ ಕಾರು ಎಡಕ್ಕೆ ಹೋಗುತ್ತದೋ, ಮುಂದಿದ್ದಾಗ ಅದರ ವಿರುದ್ಧ ದಿಕ್ಕಿಗೆ ಸರಿಯಬೇಕು. ಹೇಳಿದರೆ ಮಗುವಿಗೂ ತಿಳಿಯುವ ವಿಷಯ. ವೆಲ್ಡರ್ ಒಂದು ಕಡ್ಡಿ, ಎರಡು ಮೊಳೆ, ಒಂದು ಪ್ಲೈವುಡ್ ತುಂಡು ಇಟ್ಟು ನೆಲದ ಮೇಲೆ ನನಗೆ ತೋರಿಸಿಕೊಟ್ಟರು. ರ‍್ಯಾಕ್ ವಾಪಸು ಹಿಂದಕ್ಕೆ ಹೋಯಿತು. ಕಂಬವನ್ನು ಮಾತ್ರ ಒಂದೇ ಉದ್ದ ಸರಳಾಗಿ ಬಿಡಲಿಲ್ಲ. ನಡುವೆ ಎರಡು ಕಡೆ ಗಂಟು ಕೊಟ್ಟು ಸೊಟ್ಟಗೆ ಹಾಯಿಸಿದ್ದೇನೆ. ಎದುರಿನಿಂದ ಏಟು ಬಿದ್ದರೆ ಅದು ಮಡಚಬೇಕು, ಈಟಿಯಾಗಿ ಎದೆಗೆ ಬರಬಾರದು. ಆ ಎರಡು ಗಂಟುಗಳ ಕವಲುಗಳು ಒಂದಕ್ಕೊಂದು ಹೊಂದಿ ನಿಲ್ಲಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಒಂದು ಸುತ್ತಿನಲ್ಲಿ ಎರಡು ಬಾರಿ ಬಿಗಿದು ಎರಡು ಬಾರಿ ಸಡಿಲಾಗುತ್ತದೆ.

ಎತ್ತಿನ ಬಂಡಿ ಹೊಡೆದವರಿಗೆ ಸ್ಟೀರಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಗ್ಗ ಬಿಗಿ ಹಿಡಿದರೆ ಎತ್ತು ತಲೆ ಎತ್ತಿ ನಿಲ್ಲುತ್ತದೆ, ಪೂರ್ತಿ ಬಿಟ್ಟರೆ ತನ್ನ ದಾರಿ ಹಿಡಿಯುತ್ತದೆ. ಒಳ್ಳೆಯ ಗಾಡಿಯವನ ಕೈಯಲ್ಲಿ ಹಗ್ಗ ಸಣ್ಣಗೆ ಅದುರುತ್ತಿರುತ್ತದೆ. ಎತ್ತು ಎಡವುವ ಮುಂಚೆ ಆ ಅದುರು ಬದಲಾಗುತ್ತದೆ. ನನ್ನ ಕಾರಿನ ಮುಂಭಾಗ ಹಗುರ, ಪವರ್ ಸ್ಟೀರಿಂಗ್ ಇಲ್ಲ. ಗಾಲಿ ಹರಳು ಮಣ್ಣಿನಿಂದ ಗಟ್ಟಿ ನೆಲಕ್ಕೆ ಹತ್ತಿದ್ದು ಬೆರಳಿಗೆ ತಿಳಿಯುತ್ತದೆ.

ಗೇರ್ ಕಡ್ಡಿಯ ಕಥೆ ಉದ್ದವಿದೆ, ಚಿಕ್ಕದಾಗಿ ಹೇಳುತ್ತೇನೆ. ಗೇರ್‌ಬಾಕ್ಸ್ ಬೆನ್ನ ಹಿಂದೆ ಹೋದ ಮೇಲೆ ಮೂಲ ಕಾರಿನ ಕಬ್ಬಿಣದ ಕಡ್ಡಿಗಳು ಎಂಜಿನ್ನನ್ನೇ ಅಡ್ಡ ಹಾಯಬೇಕಾಯಿತು. ಅವನ್ನು ಕೈಬಿಟ್ಟು ಹುಬ್ಬಳ್ಳಿಯ ಗುಜರಿಯಿಂದ ಹೊಸ ಕಾಲದ ಕಾರಿನ ಎರಡು ಕೇಬಲ್ ತಂದೆ. ಒಂದು ಮುಂದೆ ಹಿಂದೆ, ಇನ್ನೊಂದು ಎಡ ಬಲ. ಜೋಡಿಸಿ ನೋಡಿದರೆ ಒಂದನೇ ಗೇರು ಇರಬೇಕಾದಲ್ಲಿ ಎರಡನೆಯದು ಬಂತು. ಅಭ್ಯಾಸ ಮಾಡಿಕೊಂಡರೆ ಆಯಿತು ಎಂದು ಒಬ್ಬ ಸ್ನೇಹಿತರು ಹೇಳಿದರು. ಟ್ರ್ಯಾಕ್ಟರಿನ ಕೊಂಡಿ ನೆನಪಾಯಿತು, ಒಪ್ಪಲಿಲ್ಲ. ಕೇಬಲನ್ನು ಕಡ್ಡಿಯ ತಿರುಗಣಿಯ ಕೆಳಗೆ ಕಟ್ಟಿದ್ದೆ, ಮೇಲೆ ಕಟ್ಟಿದೆ. ದಿಕ್ಕು ಸರಿಹೋಯಿತು.

ಆ ಕಡ್ಡಿಯ ತುದಿಯ ಗುಬ್ಬಿ ಮೊದಲು ಅಲ್ಯೂಮಿನಿಯಮ್ಮಿನದು, ಕನ್ನಡಿಯಂತೆ ಹೊಳೆಯುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಮಾಳಿಗೆಯಿಲ್ಲದ ಕಾರಿನಲ್ಲಿ ಅದನ್ನು ಹಿಡಿದಾಗ ಅಂಗೈ ಸುಟ್ಟಿತು. ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುವುದು ವಿಶೇಷವಲ್ಲ. ಹಳೇ ಮನೆಯಿಂದ ತಂದ ಸಾಗವಾನಿ ತೊಲೆಯ ತುಂಡೊಂದು ಅಟ್ಟದಲ್ಲಿತ್ತು. ಬಡಿಗೇರರ ಹತ್ತಿರ ಒಯ್ದು ಅದರಲ್ಲಿ ಗುಬ್ಬಿ ಕಡೆಸಿದೆ. ಅವರು ನನ್ನ ಅಂಗೈಯನ್ನು ಒಮ್ಮೆ ಹಿಡಿದು ನೋಡಿ ಅದಕ್ಕಿಂತ ಒಂದಿಷ್ಟು ಚಿಕ್ಕದಾಗಿ ಕಡೆದರು. ಕೈ ಮುಚ್ಚಿಕೊಳ್ಳಬೇಕು, ಚಾಚಬಾರದು ಎಂಬುದು ಅವರ ಮಾತು. ಒಂದು ಮಗ್ಗುಲಲ್ಲಿ ಹಳೆಯ ಮೊಳೆಯ ತೂತು ಉಳಿದಿದೆ. ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಅದನ್ನು ಮುಚ್ಚಿಸಲಿಲ್ಲ.

ಇನ್ನು ನನ್ನನ್ನು ನಿಜವಾಗಿ ಹೆದರಿಸಿದ ಘಟನೆ. ಆಕ್ಸಿಲರೇಟರ್ ಕೇಬಲ್ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಸೈಲೆನ್ಸರ್ ಕೊಳವೆಗೆ ಸ್ವಲ್ಪ ಹತ್ತಿರ ಹಾದಿತ್ತು. ಕಾವಿಗೆ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿ ಅರ್ಧಕ್ಕೆ ಕಚ್ಚಿಕೊಂಡಿತು. ಪಾದ ಎತ್ತಿದೆ, ಕಾರು ಓಡುತ್ತಲೇ ಇತ್ತು. ಕ್ಲಚ್ ಒತ್ತಿದೆ, ಎಂಜಿನ್ ಕಿರುಚಿತು. ಕೀಲಿಯತ್ತ ಕೈ ಚಾಚಿದೆ. ಕೀಲಿ ಇದ್ದದ್ದು ಡ್ಯಾಶ್‌ಬೋರ್ಡಿನ ಕೆಳ ಮೂಲೆಯಲ್ಲಿ. ಶೆಡ್ಡಿನಲ್ಲಿ ಕುಳಿತು ನೋಡಿದಾಗ ಸಲೀಸಾಗಿ ಎಟುಕುತ್ತಿತ್ತು; ಈಗ ಹೆಗಲ ಮೇಲಿನ ಬೆಲ್ಟು ಬೆನ್ನನ್ನು ಸೀಟಿಗೆ ಕಟ್ಟಿಹಾಕಿತ್ತು. ಬೆರಳು ಕೀಲಿಗೆ ಒಂದು ಗೇಣು ಈಚೆ ನಿಂತುಬಿಟ್ಟಿತು. ಕೊನೆಗೆ ಕ್ಲಚ್ ಬಿಟ್ಟು, ಗೇರಿನಲ್ಲೇ ಬ್ರೇಕ್ ಮೇಲೆ ಇಡೀ ಮೈಭಾರ ಹಾಕಿ ಎಂಜಿನ್ ಆರಿಸಿದೆ. ಬಯಲು ದೊಡ್ಡದಿತ್ತು, ಎದುರಿಗೆ ಯಾರೂ ಇರಲಿಲ್ಲ. ಇಳಿದ ಮೇಲೆ ಬಹಳ ಹೊತ್ತು ನಿಲ್ಲಲಾಗಲಿಲ್ಲ, ನೆಲದ ಮೇಲೆ ಕುಳಿತೆ.

ಅಂದು ರಾತ್ರಿ ಮಾಡಿದ ಕೆಲಸವೆಂದರೆ ಕಾಲೇಜು ಹುಡುಗರ ರೇಸ್ ಕಾರುಗಳ ನಿಯಮಾವಳಿ ತೆಗೆದು ಓದಿದ್ದು. 1981ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಎಂಬ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ತಾವೇ ಒಂಟಿ ಸೀಟಿನ ಕಾರು ಕಟ್ಟಿ ತರಬೇಕು. ನಮ್ಮ ದೇಶದಲ್ಲಿ ಅದೇ ಬಗೆಯ ಸುಪ್ರಾ, ಫಾರ್ಮುಲಾ ಭಾರತ್ ಸ್ಪರ್ಧೆಗಳು ನಡೆಯುತ್ತವೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ, ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡ ಈ ಹಾದಿಯಲ್ಲಿ ಬಹುಕಾಲದಿಂದ ಇರುವವರು. ಆ ನಿಯಮಗಳನ್ನು ಓದುತ್ತ ಹೋದರೆ ಪ್ರತಿ ಸಾಲಿನ ಹಿಂದೆ ಯಾರದೋ ಒಂದು ಗೇಣಿನ ಅಂತರ ಕಾಣುತ್ತದೆ. ಪಾದ ಎತ್ತಿದಾಗ ಆಕ್ಸಿಲರೇಟರ್ ಮುಚ್ಚಲು ಕನಿಷ್ಠ ಎರಡು ಸ್ಪ್ರಿಂಗ್ ಇರಬೇಕು, ಒಂದು ಮುರಿದರೆ ಇನ್ನೊಂದು ಎಳೆಯಲಿ ಎಂದು. ಬ್ರೇಕ್ ಪೆಡಲ್ 2000 ನ್ಯೂಟನ್ ಬಲ ತಡೆಯಬೇಕು, ಅಂದರೆ ಸುಮಾರು 200 ಕಿಲೋ. ಭಯದಲ್ಲಿ ಮನುಷ್ಯ ಎಷ್ಟು ಒತ್ತುತ್ತಾನೆ ಎಂಬುದು ನನಗೆ ಅಂದು ಮಧ್ಯಾಹ್ನವೇ ತಿಳಿದಿತ್ತು. ಪೂರ್ತಿ ಬೆಲ್ಟು ಕಟ್ಟಿ ಕುಳಿತ ಚಾಲಕ ಎಂಜಿನ್ ಆರಿಸುವ ಗುಂಡಿಯನ್ನು ಮುಟ್ಟುವಂತಿರಬೇಕು. ಪೂರ್ತಿ ಸಜ್ಜಾಗಿ ಕುಳಿತವನು ಐದು ಸೆಕೆಂಡಿನಲ್ಲಿ ಕಾರಿನಿಂದ ಹೊರಬರಬೇಕು.

ಈಗ ನನ್ನ ಕಾರಿನಲ್ಲಿ ಕೆಂಪು ಗುಂಡಿ ನಡುವಿನ ದಿಂಡಿನ ಮೇಲೆ, ಗೇರ್ ಕಡ್ಡಿಯ ಮುಂದೆ ಇದೆ. ಬೆಲ್ಟು ಬಿಗಿದು, ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಸ್ಟೀರಿಂಗಿನಿಂದ ಕೈ ತೆಗೆದು ಅದನ್ನು ಒತ್ತುವ ಅಭ್ಯಾಸವನ್ನು ಹೊರಡುವ ಮುನ್ನ ಪ್ರತಿ ಸಲ ಮಾಡುತ್ತೇನೆ. ಉಳಿದ ಸ್ವಿಚ್ಚುಗಳೂ ಮುಟ್ಟಿದರೆ ಗೊತ್ತಾಗುವಂತಿವೆ: ದೀಪದ್ದು ಮೇಲೆ ಕೆಳಗೆ ಆಡುವ ಕಡ್ಡಿ, ಫ್ಯಾನಿನದು ತಿರುಗಿಸುವ ಗುಬ್ಬಿ, ಹಾರನ್ನಿನದು ಒತ್ತುವ ಗುಂಡಿ. ಎಲ್ಲಕ್ಕೂ ರಬ್ಬರ್ ಟೊಪ್ಪಿಗೆ, ಎರೆ ಮಣ್ಣಿನ ಧೂಳು ಎಲ್ಲಿ ಬೇಕಾದರೂ ನುಸುಳುತ್ತದೆ. ಮೀಟರುಗಳನ್ನು ಒಂದಿಷ್ಟು ತಿರುಗಿಸಿ ಕೂರಿಸಿದ್ದೇನೆ, ಎಲ್ಲ ಸರಿಯಿದ್ದಾಗ ಮುಳ್ಳುಗಳೆಲ್ಲ ನೆಟ್ಟಗೆ ಮೇಲೆ ತೋರಿಸುತ್ತವೆ. ರೇಸಿನವರ ಹಳೆಯ ಪದ್ಧತಿ ಇದು. ಅಂಕಿ ಓದಬೇಕಿಲ್ಲ, ಒಂದು ಮುಳ್ಳು ಬಾಗಿದರೆ ಕಣ್ಣಂಚಿಗೇ ಗೊತ್ತಾಗುತ್ತದೆ.

ಕನ್ನಡ ನಾಡಿನಿಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಕನಸು ಕಂಡವರು ಮೊದಲೂ ಇದ್ದರು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಬಳಗದ ಸ್ಯಾನ್ ಸ್ಟಾರ್ಮ್ ನೆನಪಿದೆಯೇ? ಫೈಬರ್ ಮೈಯ, ರೆನೋದ 1149 ಸಿಸಿ ಎಂಜಿನ್ನಿನ ಆ ಪುಟ್ಟ ಕಾರು ಗೋವಾದಲ್ಲಿ ತಯಾರಾಗುತ್ತಿತ್ತು. ಹೆಚ್ಚು ಮಾರಾಟವಾಗಲಿಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ಬಂದ ಚೇತನ್ ಮೈನಿಯವರ ರೇವಾ ಇನ್ನೊಂದು ದಾರಿ ಹಿಡಿಯಿತು. ವಿದ್ಯುತ್ ಕಾರಾದ್ದರಿಂದ ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಮುಂದಿನ ಪೀಳಿಗೆಯ ಕಾಲು ನಾವು ಕಲಿತ ಮೂರು ಪೆಡಲಿನ ಕುಣಿತವನ್ನು ಬಹುಶಃ ಕಲಿಯುವುದೇ ಇಲ್ಲ. ನನಗೆ ಅದು ಬೇಸರದ ವಿಷಯ. ಗುಂಡಿ ಮಗ್ಗದ ಕಾಲುಗಳು ಕಡಿಮೆಯಾದಾಗ ಆದ ಬೇಸರವೇ ಇದು.

ಹೋದ ತಿಂಗಳು ತಂಗಿ ಬಂದಿದ್ದಳು. ಇಳಕಲ್ ಸೀರೆಯಲ್ಲೇ ಕಾರಿಗೆ ಇಳಿದು ಕುಳಿತಳು. ‘ಅಣ್ಣಾ, ನನ್ನ ಕಾಲ ಮುಟ್ಟವಲ್ಲವಲ್ಲೋ’ ಅಂದಳು. ಅವಳ ಎತ್ತರ ಐದಡಿ. ಇಡೀ ಕಾರನ್ನು ನನ್ನ ಹಿಮ್ಮಡಿಯ ಎರಡು ಅರ್ಧಚಂದ್ರದಿಂದ ಅಳೆದು ಕಟ್ಟಿದ್ದೆ. ಮಾವನ ಗುಂಡಿಯ ಮಾತು ಕಿವಿಯಲ್ಲಿ ಕೇಳಿಸಿತು. ಇಳಿಯುವಾಗ ಅವಳ ಸೀರೆಯ ನೆರಿಗೆ ಕ್ಲಚ್ ಪೆಡಲಿನ ಬೋಲ್ಟಿಗೆ ಸಿಕ್ಕಿ ಎರಡು ಎಳೆ ಹರಿಯಿತು. ಆ ಬೋಲ್ಟಿನ ತಲೆ ಹೊರಗೆ ಚಾಚಿದೆ ಎಂಬುದು ಬೂಟು ಹಾಕುವ ನನಗೆ ಒಮ್ಮೆಯೂ ಗಮನಕ್ಕೆ ಬಂದಿರಲಿಲ್ಲ.

ಸೀಟನ್ನು ಮುಂದೆ ತಂದರೆ ಅವಳ ಕಾಲು ಎಟುಕುತ್ತದೆ, ಆದರೆ ಸ್ಟೀರಿಂಗ್ ಎದೆಗೆ ಬರುತ್ತದೆ, ಬೆಲ್ಟಿನ ಕೋನ ಕೆಡುತ್ತದೆ. ಫೆರಾರಿಯವರು 2013ರ ಲಾಫೆರಾರಿಯಲ್ಲಿ ಸೀಟನ್ನು ಕದಲದಂತೆ ಕೂರಿಸಿ ಪೆಡಲುಗಳನ್ನು ಸರಿಸುವಂತೆ ಮಾಡಿದರು. ಅದೇ ಉಪಾಯ ನನಗೂ ಹೊಂದುತ್ತದೆ. ಮೂರೂ ಪೆಡಲ್, ಎರಡೂ ಸಿಲಿಂಡರ್ ಒಂದೇ ದಪ್ಪ ತಗಡಿನ ಮೇಲೆ, ತಗಡು ಎರಡು ಹಳಿಯ ಮೇಲೆ, ಬ್ರೇಕ್ ಎಣ್ಣೆಗೆ ಬಾಗುವ ಪೈಪು. ಕ್ಲಚ್ ಕೇಬಲಿನ ಹೊರ ಕವಚವನ್ನೂ ಅದೇ ತಗಡಿಗೆ ಕಚ್ಚಿಸಬೇಕು. ಹಾಗಾದರೆ ತಗಡು ಸರಿದಾಗ ಕೇಬಲ್ ಪೂರ್ತಿಯಾಗಿ ಜೊತೆಗೆ ಬಾಗುತ್ತದೆ, ಒಳಗಿನ ತಂತಿ ಬಿಗಿಯುವುದೂ ಇಲ್ಲ, ಸಡಿಲಾಗುವುದೂ ಇಲ್ಲ. ಹಳಿ ಎಷ್ಟು ಉದ್ದ ಬೇಕೆಂದು ಟೇಪು ಹಿಡಿದೆ. ವೆಲ್ಡರ್ ತಂಗಿಯತ್ತ ತಿರುಗಿ, ‘ಅಕ್ಕಾರ, ನೀವ ಒಮ್ಮೆ ಕುಂದರ್ರಿ. ಕಣ್ಣು ಮುಚ್ಚರಿ’ ಅಂದರು. ಆಮೇಲೆ ನನ್ನ ಕಡೆ ಕೈ ಚಾಚಿದರು, ಸೀಮೆಸುಣ್ಣ ಕೊಡಿ ಎಂದು.